ಐಸಿನಲ್ಲಿ ಒಯ್ಯಬೇಕಿದ್ದ ಹಾಲು

ಐಸು ಕರಗಬಹುದಿತ್ತು. ಆಟೊ ಸಿಗದಿರಬಹುದಿತ್ತು, ಸಿಕ್ಕ ಆಟೊ ಯಾರೋ ದೊಡ್ಡವರ ಕಾರುಸಾಲಿಗಾಗಿ ಚಾಣಕ್ಯಪುರಿಯಲ್ಲಿ ನಿಂತುಬಿಡಬಹುದಿತ್ತು. ಫ್ಲಾಸ್ಕು ಒಡೆಯಬಹುದಿತ್ತು. ಗೇಟಿನವನು ಒಳಗೆ ಬಿಡದಿರಬಹುದಿತ್ತು. ಹಾಲು ಇನ್ಯಾರದೋ ಮಗುವಿನ ಪಾಲಾಗಬಹುದಿತ್ತು. ನಾನೇ ಮೆಟ್ಟಿಲಲ್ಲಿ ಎಡವಬಹುದಿತ್ತು, ಇದರ ಸಂಭವವೇ ಹೆಚ್ಚು. ಎದ್ದಾಗಿನಿಂದ ಇಷ್ಟಕ್ಕೂ ಒಂದೊಂದಾಗಿ ಹೆದರಿ ಮುಗಿಸಿದ್ದೆ. ಆಫೀಸಿನ ಫೈಲಿಗಿಂತ ಅಚ್ಚುಕಟ್ಟಾಗಿ ನಾನು ಮಾಡುವ ಕೆಲಸ ಇದೊಂದೇ.

ರಾಜಧಾನಿಯಲ್ಲಿ ನಾವಿದ್ದ ಮುನಿರ್ಕಾದ ಕಡೆ ಮೆಟ್ರೊ ಇನ್ನೂ ಬಾರದ ಕಾಲ. ಬಾಡಿಗೆ ಮನೆಯಲ್ಲಿ ಹೆಂಡತಿ ಸಿಸೇರಿಯನ್ ಹೊಲಿಗೆ ಕೀವಾಗಿ ಮಲಗಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಅವಳಿಗಳಲ್ಲಿ ಗಂಡುಕೂಸು ಹೋಗಿಬಿಟ್ಟಿತ್ತು. ಹೆಣ್ಣು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಅರ್ಧ ಹಿಂದಿಯಲ್ಲಿ ನನಗೆ ಬುದ್ಧಿ ಹೇಳುವ ಈ ಮಗಳು ಆಗ ನನ್ನ ಅಂಗೈಗಿಂತ ಚೂರು ಉದ್ದವಿದ್ದಳು, ಅಷ್ಟೆ.

ತಾಯಂದಿರಿಗೆ ಅಲ್ಲಿ ಹಾಸಿಗೆ ಹಾಗಿರಲಿ, ಕೂರಲು ಬೆಂಚೂ ಇರಲಿಲ್ಲ. ಹಾಲು ಹಿಂಡಿ ಐಸಿನಲ್ಲಿಟ್ಟು ತನ್ನಿ, ನಾಳೆ ಮಧ್ಯಾಹ್ನ ನಳಿಕೆಯಲ್ಲಿ ಮೊದಲ ಸಲ ಕೊಡುತ್ತೇವೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬರದಿದ್ದರೆ ಪುಡಿ ಹಾಲೇ ಗತಿ, ಇಂಥ ಎಳೆಯ ಕರುಳಿಗೆ ಅದು ಅಪಾಯ ಎಂದೂ ಅಂದಿದ್ದರು. ನರ್ಸು ನನ್ನ ಮುಖ ನೋಡಿ ಸೇರಿಸಿದ್ದಳು: "ಭಯ್ಯಾ, ಯೇ ದೂಧ್ ನಹೀಂ, ದವಾಯಿ ಹೈ." ಹಾಲಲ್ಲ, ಔಷಧಿ ಅಂತ.

ಮಗ ಹೋದಾಗಿನಿಂದ ಹೆಂಡತಿಯ ಎದೆ ಬತ್ತಿದಂತಾಗಿತ್ತು. ಆ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಕೂತು, ಹಲ್ಲು ಕಚ್ಚಿ ಹಿಂಡಿ, ಸ್ಟೀಲ್ ಬಟ್ಟಲಿನ ತಳ ಮುಚ್ಚುವಷ್ಟು ತೆಗೆದಳು. ಹಾಗೇ ನಿದ್ದೆ ಹೋದಳು. ಬಟ್ಟಲನ್ನು ಫ್ರಿಜ್ಜಿನಲ್ಲಿಟ್ಟು, ಬಾಣಂತನಕ್ಕೆಂದು ಊರಿಂದ ಬಂದಿದ್ದ ಅಮ್ಮನಿಗೆ ಇದು ಕೂಸಿನ ಹಾಲು, ಜೋಪಾನ ಎಂದು ಹೇಳಿ ನಾನು ಕೆಳಗಿಳಿದೆ. ಜ್ಯೂಸ್ ಅಂಗಡಿಯವನು ಐಸು ಒಡೆಯುತ್ತಾ, ಬೆಳಬೆಳಿಗ್ಗೆಯೇ ಪಾರ್ಟಿಯಾ ಸಾಬ್ ಎಂದು ನಕ್ಕ. ನಾನೂ ನಕ್ಕೆ. ಏನು ಮಾಡಬೇಕೆಂದು ತೋಚದಾಗ ನಾನು ನಗುವವನು.

ಮೇಲೆ ಬಂದರೆ ಅಡುಗೆಮನೆಯಲ್ಲಿ ಸೀದ ವಾಸನೆ. ಬೂತಿನ ಹಾಲಿರಲಿ, ಎಮ್ಮೆಯವನು ಕರೆದುಕೊಟ್ಟ ಹಾಲಿರಲಿ, ಒಂದು ಉಕ್ಕು ಬರಿಸದೆ ಯಾರ ಬಾಯಿಗೂ ಕೊಟ್ಟವಳಲ್ಲ ನಮ್ಮಮ್ಮ. ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಪಾತ್ರೆಯ ತಳದಲ್ಲಿ ಕಂದು ಬಣ್ಣದ ಒಂದು ಪೊರೆ.

"ಅಷ್ಟು ದೂರ ಹೋಗೋ ಹಾಲು, ಹಸೀದು ಹೇಗೋ ಕಳಿಸೋದು ಅಂತ ಕಾಯಿಸಿದೆ. ಉಕ್ಕೋಕೂ ಸಾಲಲಿಲ್ಲ ಕಣೋ," ಅಂದಳು.

ಬಾಗಿಲಲ್ಲಿ ಹೆಂಡತಿ, ಹೊಟ್ಟೆ ಹಿಡಿದುಕೊಂಡು. ಪಾತ್ರೆಯೊಳಕ್ಕೆ ಒಮ್ಮೆ ನೋಡಿದಳು.

"ಅತ್ತೇನ ಏನೂ ಅನ್ಬೇಡಿ. ಬಟ್ಟಲು ತೊಳ್ದು ಕೊಡಿ."

ಕೊಟ್ಟೆ. ಮಧ್ಯಾಹ್ನದವರೆಗೂ ಕೂತಳು. ಹನಿ ಬರಲಿಲ್ಲ. ಮಗಳ ಮೊದಲ ಊಟ ಡಬ್ಬಿಯ ಪುಡಿಯದಾಯಿತು.