ಬೆತ್ತ ಕೊಡುವ ಕೈ

ಮದ್ದೂರಿನ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಪೋಪನಿಗೂ ರಾಜನಿಗೂ ಜಗಳವಾದ ಪಾಠ ಬಂದರೆ ನನ್ನ ದನಿ ತಾನಾಗಿಯೇ ಏರುತ್ತದೆ. ಬಿಷಪ್ಪನ ಕೈಗೆ ಅಧಿಕಾರದ ಕೋಲು ಕೊಡುವವರು ಯಾರು ಎಂಬುದೇ ಆ ಜಗಳ. ಪೋಪ್ ಬಹಿಷ್ಕಾರ ಹಾಕಿದ. ರಾಜ ಹಿಮದಲ್ಲಿ ಬರಿಗಾಲಲ್ಲಿ ಮೂರು ದಿನ ಅವನ ಬಾಗಿಲಲ್ಲಿ ನಿಂತ. ಮುಂದೆ ಅದೇ ರಾಜ ದಂಡು ಕಟ್ಟಿಕೊಂಡು ಹೋಗಿ ಪೋಪನನ್ನು ಓಡಿಸಿದ. ಆ ಭಾಗವನ್ನು ನಾನು ಎರಡು ಸಲ ಹೇಳುತ್ತೇನೆ. ಯಾಕೆಂದರೆ ನಮ್ಮಪ್ಪನೂ ಆ ರಾಜನ ಹಾಗೆ ಬರಿಗಾಲಲ್ಲಿ ನಿಂತಿದ್ದರು.

ಮಳವಳ್ಳಿ ಕಡೆಯ ನಮ್ಮೂರಿಗೆ ಅಪ್ಪ ಯಜಮಾನರು. ಊರಮ್ಮನ ಪೂಜೆ ಮಾಡುವವನಿಗೆ ನಮ್ಮಲ್ಲಿ ಗುಡ್ಡಪ್ಪ ಅನ್ನುತ್ತಾರೆ. ಯಜಮಾನರ ಕೈಯಿಂದ ಬೆತ್ತ ತೆಗೆದುಕೊಳ್ಳದೆ ಅವನು ಗುಡಿಯ ಬಾಗಿಲು ತೆಗೆಯುವಂತಿಲ್ಲ. ಒಮ್ಮೆ ಕುಡಿದು ಪೂಜೆಗೆ ಬಂದನೆಂದು ಅಪ್ಪ ಗುಡ್ಡಪ್ಪನಿಗೆ ಪಂಚಾಯ್ತಿಯಲ್ಲಿ ಛೀಮಾರಿ ಹಾಕಿದರು. ಮುಂದಿನ ಮಂಗಳವಾರವೇ ಅವನ ಮೈಮೇಲೆ ಅಮ್ಮ ಬಂದಳು. ಯಜಮಾನ ತಪ್ಪು ಮಾಡಿದ್ದಾನೆ, ಒದ್ದೆ ಬಟ್ಟೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ನಿಲ್ಲಲಿ ಎಂದಳು. ಮನುಷ್ಯನ ಮಾತಾಗಿದ್ದರೆ ಅಪ್ಪ ಉಗಿದು ಕಳಿಸುತ್ತಿದ್ದರು. ಅಮ್ಮನ ಮಾತಿಗೆ ಎದುರುಂಟೇ? ಬೇಸಿಗೆಯ ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತರು. ಅಂಗಾಲಲ್ಲಿ ಬೊಬ್ಬೆ ಎದ್ದಿತು. ಅವ್ವ ಬೆಣ್ಣೆ ಹಚ್ಚುತ್ತಿದ್ದರೆ ನಾನು ಹಲ್ಲು ಕಡಿಯುತ್ತಾ ನೋಡುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ನನಗೆ ಬಂತು. ಕಳೆದ ವರ್ಷ ಗುಡ್ಡಪ್ಪನಿಗೆ ಕೈನಡುಕ ಶುರುವಾಯಿತು. ಪದ್ಧತಿಯಂತೆ ಬೆತ್ತವನ್ನೂ ಗುಡಿಯ ಬೀಗದ ಕೈಯನ್ನೂ ನನಗೆ ಒಪ್ಪಿಸಿ, ಇನ್ನು ಮಗನಿಗೆ ಕೊಡಿ ಎಂದು ಕೈಮುಗಿದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ನೋಡೋಣ ಎಂದೆ. ಅಷ್ಟು ರುಚಿಯಾದ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ. ಅವನ ಮಗ ವಾರವಾರ ಬರುತ್ತಿದ್ದ. ನಾನು ಪೇಪರ್ ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಲ್ಲಿಸಿ, ಮತ್ತೆ ಬಾ ಎಂದು ಕಳಿಸುತ್ತಿದ್ದೆ. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಐದು ಮಂಗಳವಾರ ಗುಡಿಯಲ್ಲಿ ದೀಪ ಹತ್ತಲಿಲ್ಲ. ಬಾಣಂತಿಯರು ಕೂಸುಗಳನ್ನು ಮುಚ್ಚಿದ ಬಾಗಿಲಿಗೆ ತೋರಿಸಿ ವಾಪಸಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಜನ ಗೊಣಗುತ್ತಿದ್ದರೂ ನನ್ನೆದುರು ಯಾರೂ ಬಾಯಿ ಬಿಡಲಿಲ್ಲ. ಅವ್ವ ಎರಡು ಸಲ ಕೇಳಿದಳು. ಅಪ್ಪನ ಮಾನಕ್ಕಾಗಿ ಎಂದು ಅವಳ ಬಾಯಿ ಮುಚ್ಚಿಸಿದೆ.

ಆರನೆಯ ಮಂಗಳವಾರ ಕಾಲೇಜು ಮುಗಿಸಿ ಬಸ್ಸಿಳಿದು ಬರುತ್ತಿದ್ದೆ. ಗುಡ್ಡಪ್ಪನ ಮನೆಯ ಮುಂದೆ ಜನ ಸೇರಿದ್ದರು. ಜಗಲಿಯ ಮೇಲೆ ಮುದುಕ ತಲೆ ತಗ್ಗಿಸಿ ಕೂತಿದ್ದ. ಬೀದಿಯಲ್ಲಿ ಅವ್ವ ಸೆರಗು ಹೊದ್ದು, ಕೈಮುಗಿದು ನಿಂತಿದ್ದಳು. ನನ್ನ ಪರವಾಗಿ ತಪ್ಪಾಯಿತು ಎಂದು ಕೇಳಿಕೊಳ್ಳಲು ಹೋಗಿದ್ದಳಂತೆ. ನಾನು ರಟ್ಟೆ ಹಿಡಿದು ಎಳೆದೆ. ಅವ್ವ ಕೊಸರಿಕೊಂಡಳು.

"ನಿಮ್ಮಪ್ಪುನ್ನ ನಿಲ್ಸಿದ್ದು ಇವ್ನು, ದಿಟ. ನನ್ನ ನಿಲ್ಸಿದ್ದು ನೀನು ಕಣ್ಲಾ."

ಮನೆಗೆ ಹೋಗಿ ಬೆತ್ತವನ್ನೂ ಬೀಗದ ಕೈಯನ್ನೂ ತಂದು ಗುಡ್ಡಪ್ಪನ ಮಗನ ಕೈಗಿಟ್ಟೆ. ಮುದುಕನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅವ್ವ ಈಗ ಮಂಗಳವಾರ ನನ್ನನ್ನು ಕರೆಯದೆ, ಒಬ್ಬಳೇ ಗುಡಿಗೆ ಹೋಗಿಬರುತ್ತಾಳೆ.