ಸೋಮವಾರದ ಜೋಡಿ

ಜಯನಗರದಲ್ಲಿ ನಾನು ಹೋಗುವ ಕೀಲುವಾತದ ಕ್ಲಿನಿಕ್ಕಿನಲ್ಲಿ ಜನರನ್ನು ವಾರದ ಹೆಸರಿನಿಂದ ಗುರುತಿಸುವುದು ರೂಢಿ. ‘ಗುರುವಾರದ ಅಂಕಲ್ ಬಂದ್ರಾ?’ ಎಂದರೆ ಗುರುವಾರ ಬರುವವರು ಎಂದಲ್ಲ, ಗುರುವಾರ ಮಾತ್ರೆ ನುಂಗುವವರು ಎಂದು. ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವ ಮುಖ್ಯ ಔಷಧಿ, ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನದ್ದು. ಆ ದಿನವನ್ನು ರೋಗಿಯೇ ಆರಿಸಿಕೊಳ್ಳಬೇಕು, ಆಮೇಲೆ ಮನಸ್ಸು ಬದಲಾಯಿಸಬಾರದು. ಶನಿವಾರ ಯಾರಿಗೂ ಬೇಡ. ಮಂಗಳವಾರ ಹೊಸದೇನನ್ನೂ ಶುರು ಮಾಡುವುದಿಲ್ಲವೆಂದು ಒಬ್ಬರು ಒಳಗೆ ಕಾಲು ಗಂಟೆ ವಾದ ಮಾಡಿದ್ದನ್ನು ನಾನು ಹೊರಗೆ ಕುಳಿತು ಕೇಳಿದ್ದೇನೆ. ‘ಸರಿ, ಬುಧವಾರ ತಗೊಳ್ಳಿ, ಬುಧ ಒಳ್ಳೇವನು’ ಎಂದು ಡಾಕ್ಟರಮ್ಮ ಕೊನೆಗೆ ಕೈಚೆಲ್ಲಿದರು.

ನನ್ನದು ಸೋಮವಾರ. ಅದಕ್ಕೆ ಯಾವ ಕಾರಣವೂ ಇರಲಿಲ್ಲ ಎಂದುಕೊಂಡಿದ್ದೇನೆ. ಹಳೆಯ ಡೈರಿಯಲ್ಲಿ ಮಾತ್ರ ‘ಸೋಮವಾರ ಮಧ್ಯಾಹ್ನ ಕ್ಲಾಸಿಲ್ಲ, ಅದಕ್ಕೆ’ ಎಂದು ಬರೆದಿದೆ. ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಬೆರಳು ಕೈಕೊಟ್ಟು, ಬ್ಯೂರೆಟ್ಟಿನ ನಲ್ಲಿ ತಿರುಗಿಸಲಾಗದೆ, ನಿವೃತ್ತಿಗೆ ಮೊದಲೇ ಮನೆಗೆ ಬಂದೆ. ಈಗಲೂ ಬೆಳಿಗ್ಗೆ ಎಂಟೂವರೆಯವರೆಗೆ ಪೆನ್ನು ಹಿಡಿಯಲಾಗುವುದಿಲ್ಲ. ಆದ್ದರಿಂದ ಹಿಂದಿನ ದಿನದ್ದನ್ನು ಮರುದಿನ, ಬೆರಳು ಬಿಟ್ಟುಕೊಂಡ ಮೇಲೆ, ಎರಡು ಮೂರು ಸಾಲಿನಲ್ಲಿ ಬರೆಯುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ, ಅದಕ್ಕೇ ಡೈರಿ. ಬರೆದದ್ದೆಲ್ಲ ನಡೆದದ್ದೇ ಎಂದು ಹೇಳಲೂ ಈಗ ಧೈರ್ಯ ಸಾಲದು.

ತಿಂಗಳ ಮೊದಲ ಭಾನುವಾರ ಜೆ.ಪಿ. ನಗರದ ಒಂದು ಶಾಲೆಯ ಹಾಲಿನಲ್ಲಿ ಕ್ಲಿನಿಕ್ಕಿನವರು ನಮ್ಮನ್ನೆಲ್ಲ ಸೇರಿಸುತ್ತಾರೆ. ಗೋಡೆ ಹಿಡಿದು ನಡೆಯುವವರು, ಮೊನ್ನೆಯಷ್ಟೇ ಕಾಯಿಲೆ ಗೊತ್ತಾಗಿ ಅತ್ತು ಬಂದವರು, ಹತ್ತು ವರ್ಷದ ಅನುಭವಿಗಳು, ಎಲ್ಲರೂ ಇರುತ್ತಾರೆ. ನೀರಿನ ಬಾಟಲಿಗಳ ಮುಚ್ಚಳವನ್ನು ಯಾರೋ ಮೊದಲೇ ಸಡಿಲಿಸಿ ಇಟ್ಟಿರುತ್ತಾರೆ. ಅದನ್ನು ಯಾರೂ ಹೇಳುವುದಿಲ್ಲ. ಅಲ್ಲಿಗೆ ಹೋದ ಮೊದಲ ದಿನ ಬಾಟಲಿ ತಾನಾಗಿ ತೆರೆದುಕೊಂಡಾಗ ನಾನು ಮುಚ್ಚಳವನ್ನು ಮತ್ತೆ ಹಾಕಿ, ಮತ್ತೆ ತೆಗೆದು ನೋಡಿದ್ದೆ.

ಅಂಥದೊಂದು ಭಾನುವಾರ ಸಿಸ್ಟರ್, ಅಂದರೆ ಕ್ಲಿನಿಕ್ಕಿನ ಹಿರಿಯ ನರ್ಸ್, ಒಂದೇ ವಾರದ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಮಾತ್ರೆಯ ದಿನ ಸಂಜೆ ಒಬ್ಬರಿಗೊಬ್ಬರು ಫೋನ್ ಮಾಡಬೇಕು. ನಿಯಮ ಒಂದೇ: ‘ತಗೊಂಡ್ರಾ ಅಂತ ಕೇಳಿ, ಅಷ್ಟೇ. ಯಾವ್ದು ತಗೋಬೇಕು, ಎಷ್ಟು ತಗೋಬೇಕು ಅಂತ ನೀವು ಹೇಳ್ಬೇಡಿ. ಅದಕ್ಕೆ ನಾನಿದ್ದೀನಿ.’

ನನಗೆ ಜೋಡಿಯಾದವರು ತಲಘಟ್ಟಪುರದ ಒಬ್ಬರು ಅಕ್ಕ. ಅರವತ್ತೈದರ ಆಚೆಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಸೋಮವಾರ ಒಪ್ಪತ್ತು ಮಾಡುವವರಾದ್ದರಿಂದ ಮಾತ್ರೆಗೂ ಅದೇ ದಿನ ಹಿಡಿದಿದ್ದರು. ನಾನು ಪಾಠ ಹೇಳುತ್ತಿದ್ದವಳೆಂದು ತಿಳಿದ ಕ್ಷಣದಿಂದ ಅವರಿಗೆ ನಾನು ಮೇಷ್ಟ್ರಮ್ಮ. ಮೂರನೇ ವಾರದಿಂದ ನೀನು.

‘ನುಂಗಿದ್ರಾ ಅಕ್ಕ?’

‘ನುಂಗ್ದೆ ಕಣಮ್ಮ. ನೀನು ಚುಚ್ಕೊಂಡ್ಯಾ?’

ಮಾತ್ರೆಯಿಂದ ನನಗೆ ವಾಕರಿಕೆ ಬರುತ್ತಿತ್ತೆಂದು ವರ್ಷದ ಹಿಂದೆ ಅದೇ ಔಷಧಿಯನ್ನು ವಾರಕ್ಕೊಂದು ಇಂಜೆಕ್ಷನ್ನಾಗಿ ಬದಲಾಯಿಸಿದ್ದರು. ನಡೆದದ್ದಕ್ಕೆಲ್ಲ ಮೂಲ ಇದೇ ಇರಬಹುದು.

ಆ ಶನಿವಾರ, ಮುಂದಿನ ರಕ್ತ ಪರೀಕ್ಷೆ ಯಾವಾಗ ಎಂದು ಹುಡುಕಲು ಡೈರಿಯ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದೆ. ಬುಧವಾರದ ಬಗ್ಗೆ ಎರಡೇ ಸಾಲಿತ್ತು. ‘ಸೋಮವಾರದ ಅಕ್ಕ ಸಂಜೆ ಫೋನ್ ಮಾಡಿದ್ದರು. ಹಳದಿ ಮಾತ್ರೆ ದಿನಾ ತಗೊಳ್ಳಿ ಎಂದೆ.’

ಓದಿ, ಮುಂದಿನ ಹಾಳೆಗೆ ಹೋಗಿ, ಮತ್ತೆ ಹಿಂದೆ ಬಂದೆ.

ನನ್ನ ಮನೆಯಲ್ಲಿ ಹಳದಿ ಮಾತ್ರೆ ಎಂದರೆ ಒಂದೇ, ಫೋಲಿಕ್ ಎನ್ನುವ ವಿಟಮಿನ್. ವಾರದ ಔಷಧಿಯ ಉಪದ್ರವ ಕಡಿಮೆಯಾಗಲಿ ಎಂದು ಮಿಕ್ಕ ದಿನಗಳಲ್ಲಿ ತೆಗೆದುಕೊಳ್ಳುವಂಥದು. ಆದರೆ ಅಕ್ಕನ ಮನೆಯಲ್ಲಿ ಹಳದಿ ಎರಡಿವೆ. ವಾರದ ಮಾತ್ರೆಯೂ ಹಳದಿಯೇ, ಅಷ್ಟೇ ಸಣ್ಣದು. ವಾರಕ್ಕೊಮ್ಮೆ ಔಷಧಿಯಾಗಿರುವ ಅದು ದಿನವೂ ಒಳಗೆ ಹೋದರೆ ಬಾಯೆಲ್ಲ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಜೀವಕ್ಕೇ ಕುತ್ತು ಬರಬಹುದು. ಇದನ್ನು ಡಾಕ್ಟರಮ್ಮ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತು ತಲೆ ಅಲ್ಲಾಡಿಸುವವಳು ನಾನೇ.

ಇಪ್ಪತ್ತೈದು ವರ್ಷ ಲ್ಯಾಬಿನಲ್ಲಿ ಒಂದೇ ಮಾತು ಹೇಳಿದ್ದೇನೆ: ಬಣ್ಣ ನೋಡಿ ಬಾಟಲಿ ಎತ್ತಬೇಡಿ, ಲೇಬಲ್ ಓದಿ.

ಅಕ್ಕನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಆಫ್. ಅವರ ಮನೆಯ ಬೇರೆ ಯಾರ ನಂಬರೂ ನನ್ನಲ್ಲಿರಲಿಲ್ಲ. ಕ್ಲಿನಿಕ್ಕಿಗೆ ಮಾಡಿದೆ. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು.

‘ಮೇಡಂ, ನೀವು ಹೇಳಿದ್ದು ಗ್ಯಾರಂಟಿನಾ?’

‘ಬರೆದಿದೆ ಸಿಸ್ಟರ್. ನೆನಪಿಲ್ಲ.’

‘ಸರಿ. ಅವರು ಸ್ಟ್ರಿಪ್ ತಗೊಂಡು ಮೂರು ವಾರ ಆಯ್ತು, ಇಲ್ಲಿ ನೋಟ್ ಆಗಿದೆ. ಸೋಮವಾರಕ್ಕೆ ಎರಡೆರಡು, ಅಂದ್ರೆ ಆರು ಹೋಗಿರ್ಬೇಕು. ಹತ್ತರ ಸ್ಟ್ರಿಪ್ಪಲ್ಲಿ ನಾಲ್ಕು ಇರ್ಬೇಕು. ಕಡಿಮೆ ಇದ್ರೆ ಅಲ್ಲಿಂದ್ಲೇ ಫೋನ್ ಮಾಡಿ, ಇವತ್ತೇ ಕರ್ಕೊಂಡು ಬನ್ನಿ. ಮೊದ್ಲು ಎಣ್ಸಿ. ಭಯ ಆಮೇಲೆ ಪಡೋಣ.’

ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆ. ಗುರುವಾರ ಎರಡು, ಶುಕ್ರವಾರ ಎರಡು. ನನ್ನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಸ್ಟ್ರಿಪ್ ಖಾಲಿ. ಲೆಕ್ಕ ಅಷ್ಟು ಸುಲಭವಾಗಿದ್ದದ್ದೇ ಹೆದರಿಕೆ ಹುಟ್ಟಿಸಿತು.

ಬುಧವಾರದ ಆ ಮಾತನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡಿದೆ. ಯಲಚೇನಹಳ್ಳಿ ಬರುವ ಹೊತ್ತಿಗೆ, ಅಕ್ಕ ‘ಆ ವಿಟಮಿನ್ನು ದಿನಾನಾ?’ ಎಂದೇ ಕೇಳಿದ್ದರು ಎಂದು ನನಗೆ ಖಾತ್ರಿಯಾಗಿತ್ತು. ಅವರ ಧ್ವನಿಯೂ ಕೇಳಿಸುತ್ತಿತ್ತು. ದೊಡ್ಡಕಲ್ಲಸಂದ್ರದಲ್ಲಿ ಬಾಗಿಲು ತೆರೆದಾಗ ಅನುಮಾನ ಬಂತು. ಅಕ್ಕ ಯಾವತ್ತಾದರೂ ವಿಟಮಿನ್ ಎಂಬ ಪದ ಬಳಸಿದ್ದರೇ? ಅವರು ಹೇಳುವುದು ‘ಸಣ್ಣದು’, ‘ದೊಡ್ಡದು’, ‘ಕಹಿದು’. ಆ ವಾಕ್ಯವನ್ನು ನಾನೇ ಬರೆದು ಅವರ ಬಾಯಲ್ಲಿ ಹಾಕಿದ್ದೆ. ಎರಡು ನಿಲ್ದಾಣದ ಅಂತರದಲ್ಲಿ ನನ್ನನ್ನು ನಿರಪರಾಧಿ ಮಾಡುವ ನೆನಪೊಂದು ತಯಾರಾಗಿ ನಿಂತಿತ್ತು. ಇಷ್ಟು ಚುರುಕಾಗಿ ಕೆಲಸ ಮಾಡುವ ತಲೆ ಬುಧವಾರ ಎಲ್ಲಿ ಹೋಗಿತ್ತು?

ಅವರ ಹೊಸ ಮಹಡಿಯ ಗೃಹಪ್ರವೇಶಕ್ಕೆ ಹಿಂದೆ ಒಮ್ಮೆ ಹೋಗಿದ್ದರಿಂದ ದಾರಿ ಗೊತ್ತಿತ್ತು. ಅಕ್ಕ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಸುತ್ತಿದ್ದರು. ಸುಲಿಯುತ್ತಿದ್ದವರು ಬಾಡಿಗೆ ಮನೆಯ ಇಬ್ಬರು ಹೆಂಗಸರು. ಅಕ್ಕ ಹುಳುಕು ಹುಡುಕುತ್ತಿದ್ದರು.

‘ಅಯ್ಯೋ, ಮೇಷ್ಟ್ರಮ್ಮ! ಏನ್ ಹಿಂಗೆ ಏದುಸಿರು ಬಿಡ್ತಾ ಬಂದಿದ್ಯಾ? ಯಾರ್ ಓಡಿಸ್ಕೊಂಡು ಬಂದ್ರು?’

‘ಬಾಯಿ ತೆಗೀರಿ ಅಕ್ಕ.’

‘ಹಾಂ?’

‘ಬಾಯಲ್ಲಿ ಹುಣ್ಣಿದ್ಯಾ?’

ಅಕ್ಕ ಹೆಂಗಸರ ಕಡೆ ನೋಡಿದರು. ‘ಮೊದ್ಲು ಕೂತ್ಕೋ. ಕಾಫಿ ಕುಡಿ. ಆಮೇಲೆ ಬಾಯಿ ನೋಡೋವಂತೆ, ಹಲ್ಲೂ ಎಣಿಸೋವಂತೆ.’

‘ಫೋನ್ ಯಾಕೆ ಆಫ್?’

‘ನೀರಿನ ತೊಟ್ಟಿಗೆ ಬಿತ್ತು. ಈ ಕೈ ಏನಾದ್ರೂ ಹಿಡ್ಕೊಳತ್ತಾ? ಅಕ್ಕಿ ಡಬ್ಬಕ್ಕೆ ಹಾಕಿದಾಳೆ ನಮ್ ಸೊಸೆ. ಒಣಗ್ಬೇಕಂತೆ.’

ವಾರದ ಮಾತ್ರೆ ತೋರಿಸಿ ಎಂದೆ. ಅಕ್ಕ ಒಳಗೆ ಕರೆದುಕೊಂಡು ಹೋಗಿ, ಟೀವಿಯ ಪಕ್ಕದ ಹಳೆಯ ಬಿಸ್ಕೆಟ್ ಡಬ್ಬಿ ತೋರಿಸಿದರು. ಮುಚ್ಚಳ ತೆಗೆಯಲು ಇಬ್ಬರ ಕೈಯಲ್ಲೂ ಶಕ್ತಿಯಿಲ್ಲ. ನಾನು ಡಬ್ಬಿ ಹಿಡಿದುಕೊಂಡೆ, ಅವರು ಚಮಚದ ಹಿಡಿಯಿಂದ ಮೀಟಿದರು. ಮೇಲೆಯೇ ವಾರದ ಮಾತ್ರೆಯ ಸ್ಟ್ರಿಪ್ ಇತ್ತು. ತಿರುಗಿಸಿದೆ. ಹತ್ತೂ ಗುಳಿ ಒಡೆದಿದ್ದವು.

ಆ ಹೊತ್ತಿನಲ್ಲಿ ನನಗೆ ಏನನ್ನಿಸಿತು ಎಂದು ಬರೆಯಲು ಆಮೇಲೆ ಎರಡು ಸಲ ಕುಳಿತಿದ್ದೇನೆ. ಆಗಲಿಲ್ಲ. ನಮ್ಮ ಹಿಂದೆಯೇ ಒಳಗೆ ಬಂದಿದ್ದ ಬಾಡಿಗೆ ಮನೆಯ ಹೆಂಗಸೊಬ್ಬರು ‘ಆಂಟಿ, ಕೂತ್ಕೊಳ್ಳಿ’ ಎಂದು ಕುರ್ಚಿ ಎಳೆದದ್ದು ಮಾತ್ರ ನೆನಪಿದೆ.

‘ಖಾಲಿ ಆಗಿದೆ ಅಕ್ಕ.’

‘ಖಾಲಿನೇ ಅದು. ಹಳೇದು. ಮುಗಿದ ಶೀಟೆಲ್ಲಾ ತಗೊಂಡು ಬನ್ನಿ ಅಂತಾರಲ್ಲ ಕ್ಲಿನಿಕ್ಕಲ್ಲಿ? ನಾಳೆ ಮೀಟಿಂಗ್‌ಗೆ ಬರೋವಾಗ ಕೊಡೋಣ ಅಂತ ಮೇಲೆ ಇಟ್ಟಿದೀನಿ.’

‘ಹೊಸದು?’

‘ಅದು ದೇವ್ರ ಗೂಡಲ್ಲಿದೆ. ವಿಭೂತಿ ಡಬ್ಬೀಲಿ. ಸೋಮವಾರ ಬಿಟ್ಟು ಅದನ್ನ ನಾನು ಮುಟ್ಟಲ್ಲ. ಹಂಗಿಟ್ರೆ ತಪ್ಪೋ ಮಾತೇ ಇಲ್ಲ.’

‘ಈಗ ತೆಗೀಬೇಕು ಅಕ್ಕ, ದಯವಿಟ್ಟು.’

‘ಶನಿವಾರ?’ ಎಂದು ನನ್ನ ಮುಖ ನೋಡಿದರು. ಏನು ಕಂಡಿತೋ, ‘ತಡಿ’ ಎಂದು ಬಚ್ಚಲಿಗೆ ಹೋದರು. ಕೈ ತೊಳೆದರು, ಕಾಲು ತೊಳೆದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು, ದೇವರಿಗೆ ‘ತಪ್ಪಾಯ್ತಪ್ಪ, ಮೇಷ್ಟ್ರಮ್ಮ ಕೇಳ್ತವ್ಳೆ’ ಎಂದು ನನ್ನ ಮೇಲೆ ಹಾಕಿ, ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ವಿಭೂತಿಯ ಪುಡಿ ಮೆತ್ತಿಕೊಂಡಿದ್ದ ಸ್ಟ್ರಿಪ್ಪನ್ನು ನಾನು ಸೆರಗಿನಿಂದ ಒರೆಸಿದೆ. ಹೆಸರು ಓದಿದೆ. ಆಮೇಲೆ ಎಣಿಸಿದೆ.

ನಾಲ್ಕು.

ಮತ್ತೊಮ್ಮೆ ಬೆರಳಿಟ್ಟು ಎಣಿಸಿದೆ. ನಾಲ್ಕೇ. ನನಗೆ ನಗು ಬಂತು, ನಿಲ್ಲಲಿಲ್ಲ. ಅಕ್ಕ ಹೆಂಗಸರಿಗೆ ‘ನೀರು ಕೊಡ್ರೇ’ ಎಂದರು.

ಸಿಸ್ಟರಿಗೆ ಫೋನ್ ಮಾಡಿ ಹೇಳಿದ ಮೇಲೆ ಕಾಫಿ ಬಂತು. ಡೈರಿಯ ಸಾಲನ್ನು ಅಕ್ಕನಿಗೆ ಹೇಳಿದೆ. ‘ನಾನು ನಿಜವಾಗ್ಲೂ ಹಂಗಂದ್ನಾ?’

‘ಅಂದೆ. ಎರಡು ಶೀಟೂ ಒಂದೇ ಥರ ಕಾಣತ್ತೆ, ಗೂಡಿಗೆ ಸರಿಯಾದ್ದೇ ಹೋಯ್ತಾ ಅಂತ ಅನುಮಾನ ಬಂದು, ಆ ಸಣ್ಣ ಹಳದೀದು ದಿನಾನಾ, ವಾರಕ್ಕಾ ಅಂದೆ ನಾನು. ದಿನಾ ತಗೊಳ್ಳಿ ಅಕ್ಕ ಅಂದೆ ನೀನು. ಪಟ್ ಅಂತ.’

‘ಮತ್ತೆ ನೀವು ತಗೊಳ್ಲಿಲ್ಲ?’

‘ನಿಮ್ಮನೆ ಕುಕ್ಕರ್ ಕೂಗ್ತಾ ಇತ್ತಲ್ಲಮ್ಮ. ಮೂರು ಕೂಗ್ತು, ನಾಲ್ಕು ಕೂಗ್ತು, ನೀನು ಹೋಗಿ ಆರ್ಸೋಕೆ ಒದ್ದಾಡ್ತಿದ್ದೆ. ನಿನ್ನ ಜೀವ ಒಲೆ ಹತ್ರ ಇತ್ತು. ಅಂಥ ಹೊತ್ನಲ್ಲಿ ಹೇಳಿದ್ ಮಾತ್ನ ಯಾರಾದ್ರೂ ನಂಬ್ತಾರಾ? ಭಾನುವಾರ ಸಿಸ್ಟರ್‌ನ ಕೇಳೋಣ ಅಂತ ಎರಡು ಹಳದೀನೂ ಬಿಟ್ಟು ಕೂತಿದೀನಿ.’

ಆ ಕುಕ್ಕರು ನನ್ನ ನೆನಪಿನಲ್ಲಿಲ್ಲ. ಡೈರಿಯಲ್ಲೂ ಇಲ್ಲ. ಆದರೆ ಬುಧವಾರ ಸಂಜೆ ನಮ್ಮ ಮನೆಯಲ್ಲಿ ಕಾಳು ಬೇಯಿಸಿದ್ದು ನಿಜ. ಕರಗಿ ಹಿಟ್ಟಾಗಿತ್ತೆಂದು ಯಜಮಾನರು ದೂರಿದ್ದೂ ನಿಜ. ನಾನು ಮಾತನ್ನು ಬರೆದಿಟ್ಟಿದ್ದೆ, ಮಾತಿನ ಹಿಂದೆ ಏನು ಕೂಗುತ್ತಿತ್ತೆಂದು ಅಕ್ಕ ಕೇಳಿಸಿಕೊಂಡಿದ್ದರು. ಅವರು ಉಳಿದದ್ದು ಅದರಿಂದ. ನನ್ನ ಓದಿನಿಂದಲ್ಲ, ನನ್ನ ಡೈರಿಯಿಂದಲೂ ಅಲ್ಲ. ನಾನು ಶನಿವಾರ ಆ ಹಾಳೆ ತಿರುಗಿಸದೇ ಇದ್ದರೂ ಅಲ್ಲಿ ಏನೂ ಆಗುತ್ತಿರಲಿಲ್ಲ. ಇದು ನನಗೆ ಅವಮಾನವೆನ್ನಿಸಬೇಕಿತ್ತೇನೋ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಗಿ, ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ.

ಮರುದಿನ ಸಭೆಯಲ್ಲಿ ನಾನೇ ಎದ್ದು ಹೇಳಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. ನಾನು ಹಾಲಿನ ಬಾಗಿಲಿಗೆ ಬರುವ ಹೊತ್ತಿಗೆ, ನಾನು ಬಾಯಿ ತೆಗೀರಿ ಎಂದದ್ದನ್ನು ಅವರು ಅಭಿನಯ ಸಹಿತ ಎರಡು ಸಾಲಿನವರಿಗೆ ಹೇಳಿ ಮುಗಿಸಿದ್ದರು. ಸಿಸ್ಟರ್ ಬೈಯಲಿಲ್ಲ. ಎರಡೂ ಬಗೆಯ ಮಾತ್ರೆಗಳನ್ನು ಬಿಡಿಸಿ, ಎರಡು ಬಟ್ಟಲಿನಲ್ಲಿಟ್ಟು ಮೇಜಿನ ಮೇಲೆ ತಂದಿಟ್ಟರು.

‘ವಾರದ್ದು ಯಾವ್ದು, ದಿನದ್ದು ಯಾವ್ದು, ಹೇಳಿ ನೋಡೋಣ.’

ಬುಧವಾರದವರು ಒಬ್ಬರು ಧೈರ್ಯವಾಗಿ ಬಂದು ತಪ್ಪು ಹೇಳಿದರು. ಶುಕ್ರವಾರದ ಒಬ್ಬ ಹುಡುಗಿ ನೋಡಿ, ಹೇಳಲ್ಲ ಎಂದು ವಾಪಸ್ ಹೋದಳು. ‘ಡಾಕ್ಟ್ರೇ, ನೀವು?’ ಎಂದು ಯಾರೋ ಹಿಂದಿನಿಂದ ಕೂಗಿದರು. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ, ಬಗ್ಗಿ, ಬಲಗಡೆಯ ಬಟ್ಟಲು ತೋರಿಸಿದರು. ತಪ್ಪು. ಇಡೀ ಸಭೆಯೇ ನಕ್ಕಿತು. ಅಕ್ಕನ ರಕ್ತವನ್ನು ಅವತ್ತೇ ತೆಗೆದರು, ಸುಮ್ಮನೆ ಸಮಾಧಾನಕ್ಕೆ. ಎಲ್ಲ ಸರಿಯಾಗಿತ್ತು. ವಾರದ ಮಾತ್ರೆಗೆ ಬೇರೆ ಡಬ್ಬಿ ಇಡಬೇಕು, ಅದೂ ಬೇರೆ ಜಾಗದಲ್ಲಿ ಎಂದು ಸಿಸ್ಟರ್ ಎಲ್ಲರಿಗೂ ಹೇಳಿದರು. ಮಾದರಿಗೆ ಅಕ್ಕನ ವಿಭೂತಿ ಡಬ್ಬಿಯ ಉದಾಹರಣೆ ಕೊಟ್ಟಾಗ ಅಕ್ಕ ನನ್ನ ಮೊಣಕೈ ತಿವಿದರು. ನೋವಾಯಿತು, ಇಬ್ಬರಿಗೂ.

ಸೋಮವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸೊಸೆಯ ಫೋನಂತೆ, ಅಕ್ಕನದ್ದು ಇನ್ನೂ ಅಕ್ಕಿಯಲ್ಲೇ ಇತ್ತು.

‘ನುಂಗಿದ್ರಾ ಅಕ್ಕ?’ ಎಂದೆ.

‘ಇರು, ಮೊದ್ಲು ನಾನು ಕೇಳ್ತೀನಿ. ಒಲೆ ಮೇಲೆ ಏನಾದ್ರೂ ಇದ್ಯಾ?’

ಇತ್ತು. ಹೋಗಿ ಆರಿಸಿ ಬಂದೆ. ಅಲ್ಲಿಯವರೆಗೆ ಅವರು ಕಾಯುತ್ತಿದ್ದರು.

‘ಈಗ ಕೇಳು,’ ಎಂದರು.