ಸೀರೆಯಲ್ಲಿ ಸೋಸಿದ ಡೀಸೆಲ್

ಹೋದ ವಾರ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕಲೆಂದು ಒಂದೊಂದಾಗಿ ತೆಗೆಯುತ್ತಿದ್ದೆ. ತಳದಲ್ಲಿ ಒಂದು ಬಟ್ಟೆ ಚೂರು ಸಿಕ್ಕಿತು. ಹಳೆಯ ಇಳಕಲ್ ಸೀರೆಯದು, ದಾಳಿಂಬೆ ಬಣ್ಣ, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಮೂಗಿಗೆ ಹಿಡಿದೆ. ಎಷ್ಟು ಸಲ ಒಗೆದಿದ್ದೆನೋ, ಆದರೂ ಡೀಸೆಲ್ ವಾಸನೆ ಪೂರಾ ಹೋಗಿರಲಿಲ್ಲ. ಆ ವಾಸನೆಯ ಹಿಂದೆಯೇ ಮಿಸ್ತ್ರಿ ಕಾಕಾ ಬಂದರು... ಮಾಸಿದ ಖಾಕಿ ಅಂಗಿ, ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್.

ಆಗ ನಾನು ಮರೋಳದ ಕಡೆ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ. ನಲವತ್ತೊಂದನೆಯ ವಯಸ್ಸಿಗೆ ಕಾರು ಕಲಿತಿದ್ದೆ. ಹಳೆಯ ಡೀಸೆಲ್ ಕಾರು, ನಮ್ಮ ಕೈಗೆ ಬರುವಾಗಲೇ ಸಾಕಷ್ಟು ಓಡಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಟೀಚರ್‌ಗಳು, ಮೂವರ ಊಟದ ಡಬ್ಬಿ, ಸುಮ್ಮನಿರದ ಮಾತು. ಬಸ್ಸಿಗಾಗಿ ನಿಂತು ನಿಂತು ಸವೆದಿದ್ದ ನಮಗೆ ಆ ಕಾರೇ ಒಂದು ತವರುಮನೆ.

ಒಂದು ಚಳಿಗಾಲ ಅದಕ್ಕೆ ಸಪ್ಪಳ ಹತ್ತಿತು. ಮುಂಜಾನೆ ಚಾಲೂ ಮಾಡಿದೊಡನೆ ಕಟ್, ಕಟ್, ಕಟ್... ಬಾನೆಟ್ಟಿನೊಳಗೆ ಯಾರೋ ಕುಳಿತು ಅಡಿಕೆ ಕತ್ತರಿಸುತ್ತಿರುವ ಹಾಗೆ. ಹಿಂದೆ ಒಂದಿಷ್ಟು ಬಿಳಿ ಹೊಗೆ. ಗ್ಯಾರೇಜಿಗೆ ಒಯ್ದರೆ, ಬಾನೆಟ್ಟನ್ನೂ ಸರಿಯಾಗಿ ಎತ್ತದೆ, ಬೇರಿಂಗ್ ಹೋಗಿದೆ, ಇಂಜಿನ್ ಪೂರಾ ಬಿಚ್ಚಬೇಕು ಅಂದರು. ನಮ್ಮ ಮನೆಯವರಿಗೆ ಅಷ್ಟೇ ಸಾಕಾಯಿತು.

"ನೀ ಗೇರ್ ಹಾಕೂ ರೀತಿಗೆ ಇಂಜಿನ್ ಇಷ್ಟು ದಿನ ಬಾಳಿದ್ದ ದೊಡ್ಡದು," ಅಂದರು. ಕಮತಗಿಯ ಒಬ್ಬರಿಗೆ ಫೋನ್ ಮಾಡಿ, ಗಾಡಿ ಮಾರುವುದಿದೆ, ಐತವಾರ ಬಂದು ನೋಡಿ ಎಂದು ಹೇಳಿಯೂಬಿಟ್ಟರು. ಈ ಕಾರು ಹೋದರೆ ಇನ್ನೊಂದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಂದರೂ ಅದರ ಚಾವಿ ನನ್ನ ಕೈಗೆ ಬರುವುದಿಲ್ಲ. ಇಂಜಿನ್ ಕೆಡಿಸಿದವಳು ಎಂಬ ಹೆಸರು ಒಮ್ಮೆ ಕುಳಿತರೆ ಏಳುತ್ತದೆಯೇ?

ಹಿಂದಿನ ಸೀಟಿನ ಟೀಚರೊಬ್ಬರು, ನೇಕಾರರ ಓಣಿಯಲ್ಲಿ ಒಬ್ಬ ಗಾಡಿ ಮಿಸ್ತ್ರಿ ಇದ್ದಾರೆ, ಅವರನ್ನೊಮ್ಮೆ ಕೇಳಿ ಅಂದರು. ಶುಕ್ರವಾರ ಸಂಜೆ ನಡೆದೇ ಹೋದೆ. ತಗಡಿನ ಶೆಡ್ಡು, ಪಕ್ಕದ ಕೋಣೆಯಲ್ಲಿ ಅವರ ಹೆಂಡತಿಯ ಮಗ್ಗ. ಸಪ್ಪಳದ ಕತೆ, ಮನೆಯವರ ಗೇರಿನ ಮಾತು ಎಲ್ಲ ಹೇಳಿ, ಕಾರು ತರಲೇ ಎಂದು ಕೇಳಿದರೆ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ ಅಕ್ಕೋರ. ಇಲ್ಲಿಗೆ ಬರೂದ್ರಾಗ ಬಿಸಿ ಆಗ್ತೈತಿ. ಬಿಸಿ ಗಾಡಿ ಅರ್ಧಾ ಖರೆ ಹೇಳ್ತೈತಿ. ನಾಳೆ ಮುಂಜಾನಿ ನಾನ ಬರ್ತೇನಿ. ಅಲ್ಲೀತನಾ ಚಾವಿ ಮುಟ್ಟಬ್ಯಾಡ್ರಿ."

ಅದು ಅವರ ಪದ್ಧತಿ. ತಣ್ಣಗಿನ ಗಾಡಿಯ ಮೊದಲ ಮಾತು ಕೇಳದೆ ಯಾವ ಗಾಡಿಯ ನಟ್ಟಿಗೂ ಪಾನಾ ಹಚ್ಚುತ್ತಿರಲಿಲ್ಲ. ಶನಿವಾರ ನಾನು ರಜೆ ಹಾಕಿದೆ. ಅವರು ಬಂದವರೇ ಮಿಕ್ಸರ್ ಬಂದ್ ಮಾಡಿಸಿದರು, ತೊಟ್ಟಿಕ್ಕುತ್ತಿದ್ದ ನಲ್ಲಿಯ ಕೆಳಗೆ ಅರಿವೆ ಇಡಿಸಿದರು. ನಮ್ಮ ಮನೆಯವರು ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಹೀರುತ್ತಿದ್ದರು.

"ಸಾಹೇಬ್ರ, ಸ್ವಲ್ಪ ಸೊರ್ ಅನ್ನಬ್ಯಾಡ್ರಿ. ಕೇಳಿಸವಲ್ದು."

ಮೂವತ್ತು ವರ್ಷ ಸರ್ಕಾರಿ ಆಫೀಸಿನಲ್ಲಿ ಯಾರ ಮಾತೂ ಕೇಳದವರು ಬಸಿ ಕೆಳಗಿಟ್ಟರು!

ಇಂಜಿನ್ ಚಾಲೂ ಆಯಿತು. ಮಿಸ್ತ್ರಿ ಕಾಕಾ ಸ್ಕ್ರೂಡ್ರೈವರಿನ ತುದಿಯನ್ನು ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳ ಮೇಲೆ ಒಂದೊಂದಾಗಿ ಊರಿ, ಹಿಡಿಕೆಗೆ ಕಿವಿ ಹಚ್ಚಿ ಕೇಳಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. "ನೀವೂ ಕೇಳ್ರಿ. ಗಾಡಿ ನಿಮ್ದಲ್ಲ?" ಒಂದು, ಎರಡು, ನಾಲ್ಕು ಒಂದೇ ಲಯದಲ್ಲಿ ಮಿಡಿಯುತ್ತಿದ್ದವು. ಮೂರನೆಯದು ಮಾತ್ರ ಸುತ್ತಿಗೆಯ ಹಾಗೆ ಕಿವಿಗೆ ಬಡಿಯಿತು. ಅದರ ಪೈಪಿನ ನಟ್ಟಿಗೆ ಬಟ್ಟೆ ಸುತ್ತಿ ಒಂದಿಷ್ಟು ಸಡಿಲಿಸಿದರು, ಅದಕ್ಕೆ ಡೀಸೆಲ್ ಹೋಗುವುದು ನಿಂತಿತು. ಕಟ್ ಕಟ್ ಕೂಡ ನಿಂತಿತು.

"ಗ್ಯಾರೇಜಿನವ್ರು ಇದಕ್ಕ ಬೇರಿಂಗ್ ಹೋಗೇತಿ ಅಂದ್ರೇನು?" ಅಂದರು ಮನೆಯವರು.

"ಇನ್ನೂ ಗೊತ್ತಿಲ್ರಿ. ಡೀಸೆಲ್ ನಿಂತ್ರ ಬೇರಿಂಗ್ ಸಪ್ಪಳಾನೂ ನಿಲ್ತೈತಿ. ಇದ್ರ ಜಾಗಾ ಬದಲ ಮಾಡಿ ನೋಡೂಣು."

ಇಂಜಿನ್ ನಿಲ್ಲಿಸಿ, ಮೂರನೆಯ ಇಂಜೆಕ್ಟರ್ ಬಿಚ್ಚಿ ಒಂದನೆಯದರ ಜಾಗಕ್ಕೆ ಹಾಕಿದರು, ಒಂದನೆಯದನ್ನು ಮೂರರ ಜಾಗಕ್ಕೆ. ಮತ್ತೆ ಚಾಲೂ ಮಾಡಿಸಿ ಸ್ಕ್ರೂಡ್ರೈವರ್ ನನಗೇ ಕೊಟ್ಟರು. ಮೊದಲು ಮೂರಕ್ಕೆ, ಆಮೇಲೆ ಒಂದಕ್ಕೆ ಊರಿ ಕಿವಿ ಹಚ್ಚಿದೆ. ಮೂರು ಸುಮ್ಮನಿತ್ತು. ಸುತ್ತಿಗೆ ಒಂದರಲ್ಲಿತ್ತು.

"ಸಪ್ಪಳ ಇಂಜೆಕ್ಟರ್ ಬೆನ್ನ ಹತ್ತಿ ಹೋತು," ಅಂದರು ಕಾಕಾ. "ಬೇರಿಂಗ್ ಆಗಿದ್ರ ಇದ್ದಲ್ಲೇ ಕುಂದರ್ತಿತ್ತು. ಇಂಜಿನ್ ಗಟ್ಟಿ ಐತ್ರಿ. ಇದೊಂದರ ನಾಜಲ್, ಅಂದ್ರ ಮೂತಿ, ಕೆಟ್ಟೈತಿ."

ಅಲ್ಲಿಗೇ ಮುಗಿಯಲಿಲ್ಲ. ಯಾಕೆ ಕೆಟ್ಟಿತು ಎಂದು ತಿಳಿಯದೆ ಹೊಸದು ಹಾಕಿದರೆ ಅದೂ ಕೆಡುತ್ತದೆ ಅಂದು ಒಂದು ಸ್ಟೀಲ್ ಬೋಗುಣಿ ಕೇಳಿದರು. ಡೀಸೆಲ್ ಫಿಲ್ಟರನ್ನು ಅದರೊಳಗೆ ಬಗ್ಗಿಸಿದರು. ತಳದಲ್ಲಿ ನೀರಿನ ಹನಿಗಳು ಮಣಿಯ ಹಾಗೆ ಹೊರಳಾಡಿದವು. ಮೇಲೆ ಜೊಂಡಿನಂತೆ ಎಳೆಗಳು. ಕಾಕಾ ಒಂದು ಎಳೆಯನ್ನು ಬೆರಳ ತುದಿಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ದಾಳಿಂಬೆ ಬಣ್ಣ. ಮಗ್ಗದ ಮನೆಯವರಿಗೆ ಆ ನೂಲಿನ ಗುರುತು ಹೇಳಿಕೊಡಬೇಕೇ? ನನ್ನ ಮುಖ ನೋಡಿದರು.

"ಏನ್ ಸಿಕ್ತು?" ಅಂದರು ಮನೆಯವರು ಕಟ್ಟೆಯಿಂದ.

"ಕಸಾ ರೀ, ಸಾಹೇಬ್ರ," ಅಂದು ಕಾಕಾ ಬೆರಳನ್ನು ಮೊಣಕಾಲಿಗೆ ಒರೆಸಿಕೊಂಡರು.

ಮರೋಳದಲ್ಲಿ ನನ್ನ ಮೈದುನ ಪಂಪಿಗೆಂದು ಅಂಗಳದಲ್ಲಿ ಕ್ಯಾನ್ ತುಂಬ ಡೀಸೆಲ್ ಇಟ್ಟಿರುತ್ತಿದ್ದ. ಶಾಲೆಯಿಂದ ಬರುವಾಗ ಬಂಕಿಗೆ ಹೋಗುವ ಬದಲು ಅದನ್ನೇ ಹಾಕಿಸಿಕೊಳ್ಳುತ್ತಿದ್ದೆ. ಸೋಸದೆ ಏನನ್ನೂ ಪಾತ್ರೆಗೆ ಹಾಕಬಾರದು ಎಂದು ನಮ್ಮವ್ವ ಹಾಲಿಗೂ ತುಪ್ಪಕ್ಕೂ ಹೇಳುತ್ತಿದ್ದಳು. ಅವಳದೇ ಹಳೆಯ ಸೀರೆ ಹರಿದು, ಬಲು ಶ್ರದ್ಧೆಯಿಂದ, ಡೀಸೆಲ್ಲನ್ನೂ ಸೋಸಿದ್ದೆ... ಪ್ರತಿ ಸಲವೂ.

ಸುಮ್ಮನಿದ್ದರೆ ಅದು ಕಸವಾಗಿಯೇ ಉಳಿಯುತ್ತಿತ್ತು. ಕಾಕಾ ಅಷ್ಟು ದಾರಿ ಬಿಟ್ಟುಕೊಟ್ಟಿದ್ದರು. ಆದರೆ ಅವರೆದುರು ಸುಳ್ಳು ಬಾಯಿಗೆ ಬರಲಿಲ್ಲ. "ಅದು ನಮ್ಮವ್ವನ ಸೀರಿ," ಅಂದೆ, ಎಲ್ಲವನ್ನೂ ಹೇಳಿದೆ.

ಮನೆಯವರು ಹೊಟ್ಟೆ ಹಿಡಿದು ನಕ್ಕರು. "ಇಂಜಿನ್ನಿಗೆ ಸೀರಿ ಉಡಿಸೀಯಲ್ಲ! ಉಡಿ ತುಂಬಿದ್ಯೋ ಇಲ್ಲೋ?"

ಕಾಕಾ ನಗಲಿಲ್ಲ. "ಅಕ್ಕೋರ ಮನಸ್ಸು ಚಲೋ ಇತ್ರಿ. ಬಟ್ಟಿ ಕಸಾ ಹಿಡೀತೈತಿ, ನೀರು ಹಿಡ್ಯೂದಿಲ್ಲ. ಮ್ಯಾಲೆ ತನ್ನ ಎಳೀನೂ ಬಿಡ್ತೈತಿ. ಎಳಿ ಫಿಲ್ಟರ್ ಕಟ್ಟಿತು, ನೀರು ದಾಟಿ ಹೋಗಿ ನಾಜಲ್ ತಿಂತು." ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಗೇರಿಂದಲ್ರಿ," ಅಂದರು.

ಮಧ್ಯಾಹ್ನ ಹೊಸ ನಾಜಲ್ ತರಿಸಿ, ಶೆಡ್ಡಿನಲ್ಲಿ ಕೈಪಂಪಿಗೆ ಸಿಕ್ಕಿಸಿ ಎರಡನ್ನೂ ತೋರಿಸಿದರು. ಹಳೆಯದು ಗಿಂಡಿಯ ಮೂತಿಯ ಹಾಗೆ ಹನಿ ಹನಿ ಸುರಿಸಿತು. ಹೊಸದು ಮದುವೆಮನೆಯ ಪನ್ನೀರಿನಂತೆ ಮಂಜಾಗಿ ಚಿಮ್ಮಿತು. ಹತ್ತಿರ ಕೈ ಒಯ್ಯಬೇಡಿ, ಚರ್ಮದೊಳಗೆ ಹೊಕ್ಕುಬಿಡುತ್ತದೆ ಎಂದು ನನ್ನನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರು. ಅದನ್ನು ಕಾರಿಗೆ ಕೂಡಿಸಿದ ಮೇಲೆ, ಡೀಸೆಲ್ ಬಂಕಿನದೇ ಹಾಕಿ, ಟ್ಯಾಂಕ್ ತಳ ಕಾಣುವವರೆಗೆ ಓಡಿಸಬೇಡಿ, ತಿಂಗಳಿಗೊಮ್ಮೆ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ ಅಂದರು. ಮುಂಜಾನೆ ಒಂದು ನಿಮಿಷ ಹಾಡು ಹಚ್ಚದೆ ಗಾಡಿಯ ಸಪ್ಪಳ ಕೇಳಿ, ಆಮೇಲೆ ಹೊರಡಿ ಎಂದೂ ಹೇಳಿದರು.

ಐತವಾರ ಕಮತಗಿಯವರು ಬಂದರು. ಮನೆಯವರು ಪೇಪರಿನಿಂದ ಮುಖ ಎತ್ತದೆ, "ಗಾಡಿ ಅಕೀದು. ಅಕೀನ್ನ ಕೇಳ್ರಿ," ಅಂದರು. ನಾನು ಅವರಿಗೆ ಅವಲಕ್ಕಿ, ಚಹಾ ಕೊಟ್ಟು, ಬರಿಗೈಲೆ ಆದರೂ ಹೊಟ್ಟೆ ತುಂಬಿಸಿ ಕಳಿಸಿದೆ.

ಆ ಕಾರು ಮುಂದೆ ಎಂಟು ವರ್ಷ ಓಡಿತು. ವರ್ಷಕ್ಕೊಮ್ಮೆ ಶೆಡ್ಡಿನ ಮುಂದೆ ನಿಲ್ಲಿಸಿದರೆ ಕಾಕಾ ಎದ್ದು ಬರದೆ, ಅಲ್ಲಿಂದಲೇ ಕಿವಿಗೊಟ್ಟು, "ಹೋಗ್ರಿ, ಆರಾಮ ಐತಿ," ಅನ್ನುತ್ತಿದ್ದರು. ಒಂದು ವರ್ಷ ಹೋದಾಗ ತಗಡಿನ ಬಾಗಿಲಿಗೆ ಬೀಗ ಇತ್ತು. ಪಕ್ಕದ ಕೋಣೆಯಲ್ಲಿ ಮಗ್ಗ ಮಾತ್ರ ಆಡುತ್ತಿತ್ತು. ಅವರ ಹೆಂಡತಿ ಕೈ ನಿಲ್ಲಿಸಿ, ಅವರು ತೀರಿಕೊಂಡು ಆರು ತಿಂಗಳಾಯಿತು ಅಂದರು...

ಈಗಿನ ನನ್ನ ಕಾರು ಪೆಟ್ರೋಲಿನದು. ಚಾಲೂ ಆದದ್ದೂ ತಿಳಿಯುವುದಿಲ್ಲ. ಆದರೂ ದಿನಾ ಮುಂಜಾನೆ ಒಂದು ನಿಮಿಷ ಸುಮ್ಮನೆ ಕುಳಿತು ಕೇಳುತ್ತೇನೆ. ಸಪ್ಪಳ ಇರುವುದಿಲ್ಲ. ಇದ್ದರೂ ಯಾರಿಗೆ ತೋರಿಸಲಿ?

ಬಿಸಿಲು ಇಳಿದ ಮೇಲೆ ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕಿದೆ. ಚೂರನ್ನು ಬೇರೆ ಇಡಬೇಕೆಂದು ಕೈಯಲ್ಲಿ ಹಿಡಿದು ನಿಂತವಳು, ಕೊನೆಗೆ ಅವ್ವನ ರೇಷ್ಮೆ ಸೀರೆಯ ಮಡಿಕೆಯಲ್ಲೇ ಸೇರಿಸಿದೆ. ವಾಸನೆ ಹತ್ತಿದರೆ ಹತ್ತಲಿ.